ದಸರಾ ವಸ್ತುಪ್ರದರ್ಶನ ನೋಡಬೇಕಾ? ಮೊದಲು ದಸರಾ ಮುಗಿಯಲಿ

ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ನವರಾತ್ರಿಯ ದಿನಗಳನ್ನು ಬಿಟ್ಟುಬಿಡಿ. ಜಂಬೂಸವಾರಿ ಮುಗಿದರೆ ಎಲ್ಲ ಮುಗಿಯಿತು ಅಂತ ನಮ್ಮ ಶಿವಮೊಗ್ಗದ ಕಡೆ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಆನೆಗಳು ಕಾಡಿಗೆ ವಾಪಸ್ ಹೋದ ಮೇಲೂ ವಸ್ತುಪ್ರದರ್ಶನ ಇರುತ್ತದೆ, ಹೆಚ್ಚುಕಮ್ಮಿ ಮೂರು ತಿಂಗಳು ನಡೆಯುತ್ತದೆ. ವಿಜಯದಶಮಿ ಆಗಿ ಇಪ್ಪತ್ತು ದಿನಕ್ಕೆಲ್ಲ ದೀಪಾವಳಿ ಬಂತು. ಆ ರಜೆಯಲ್ಲಿ ಹೋಗಿ. ನಾವು ಒಂದು ವರ್ಷ ನವರಾತ್ರಿಯಲ್ಲಿ ನೋಡಿದೆವು, ಆಮೇಲೆ ಇನ್ನೊಂದು ವರ್ಷ ದೀಪಾವಳಿ ಕಳೆದ ಮೇಲೆ ನೋಡಿದೆವು. ಎರಡೂ ಒಂದೇ ಮೈದಾನ ಅಂದರೆ ನಂಬೋಕಾಗಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ನನಗೆ ನೂಕುನುಗ್ಗಲು ಕಂಡರೆ ಆಗುವುದಿಲ್ಲ. ಜನ ಇಲ್ಲದಿದ್ದರೆ ಅದೆಂಥ ದಸರಾ ಅನ್ನುವವರು ನನ್ನ ಮಾತು ಕೇಳಬೇಕಾಗಿಲ್ಲ. ನಮ್ಮ ಮನೆಯವರೂ ಅದೇ ಪಂಗಡ. ಜಂಬೂಸವಾರಿ ದಿನ ಅವರು ಬೆಳಿಗ್ಗೆಯೇ ಹೋಗಿ ಬಿಸಿಲಲ್ಲಿ ಜಾಗ ಹಿಡಿದು ನಿಂತರು. ನಾನು, ಅತ್ತೆ ರೂಮಿನಲ್ಲೇ ಟಿವಿ ನೋಡಿದೆವು. ಅಂಬಾರಿ ನಮಗೇ ಚೆನ್ನಾಗಿ ಕಾಣಿಸಿದ್ದು.

ಇನ್ನು ವಸ್ತುಪ್ರದರ್ಶನ. 1880ರಲ್ಲಿ ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾಗಿದ್ದು ಇದು. ಸಂಸ್ಥಾನದಲ್ಲಿ ಏನು ಬೆಳೆಯುತ್ತಾರೆ, ಏನು ತಯಾರು ಮಾಡುತ್ತಾರೆ ಅಂತ ಜನ ಒಂದೇ ಕಡೆ ನೋಡಲಿ ಅನ್ನುವುದು ಉದ್ದೇಶ. ಈಗಲೂ ಸರ್ಕಾರಿ ಇಲಾಖೆಗಳು, ಜಿಲ್ಲಾ ಪಂಚಾಯಿತಿಗಳು ಮಳಿಗೆ ಹಾಕುತ್ತವೆ. ಮಕ್ಕಳಿಗೆ ತೋರಿಸಬೇಕಾದ ಭಾಗ ಅದೇ. ನವರಾತ್ರಿಯಲ್ಲಿ ನಾವು ಹೋದಾಗ ಅಲ್ಲಿ ಪ್ಲೈವುಡ್ ಕೊಯ್ಯುತ್ತಿದ್ದರು. ಒಂದು ಮಳಿಗೆಯಲ್ಲಿ ಮಾತ್ರ ಅಣೆಕಟ್ಟಿನ ಮಾದರಿ ಇತ್ತು. ಹುಡುಗನೊಬ್ಬ ಥರ್ಮಾಕೋಲ್ ಗುಡ್ಡಕ್ಕೆ ಹಸಿರು ಬಣ್ಣ ಬಳಿಯುತ್ತಿದ್ದ. ಡ್ಯಾಮಿನಲ್ಲಿ ನೀರಿರಬೇಕಾದ ಕಡೆ ಅವನ ಟೀ ಲೋಟ, ಎರಡು ಬ್ರಷ್ಷು.

“ಇದು ಯಾವ ಡ್ಯಾಮು ಅಂಕಲ್?” ಅಂತ ಮಗಳು ಕೇಳಿದಳು.

“ಬೋರ್ಡ್ ಇನ್ನೂ ಬಂದಿಲ್ಲ ಪುಟ್ಟಿ” ಅಂದ.

ಬಟ್ಟೆ, ಬಳೆ, ಪ್ಲಾಸ್ಟಿಕ್ ಡಬ್ಬ ಮಾರುವವರು ಮಾತ್ರ ಆಗಲೇ ಸಾಲಾಗಿ ಕೂತಿದ್ದರು. ಅದಕ್ಕೆ ಮೈಸೂರಿನವರೆಗೆ ಹೋಗಬೇಕಾ? ದೀಪಾವಳಿ ಆದ ಮೇಲೆ ಹೋದಾಗ ಮಳಿಗೆಗಳೆಲ್ಲ ಭರ್ತಿ. ಡ್ಯಾಮಿನಲ್ಲಿ ನೀರು, ಅರಣ್ಯ ಇಲಾಖೆಯಲ್ಲಿ ಪ್ರಾಣಿಗಳು, ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಗ್ಗಿ ನೋಡೋಕೆ ಜಾಗವೂ ಇತ್ತು. ಮಗ ಅಲ್ಲಿಂದ ಏಳಲೇ ಇಲ್ಲ. ವಾರದ ನಡುವಿನ ದಿನ ಆದ್ದರಿಂದ ಹಿಂದೆ ಯಾರೂ ತಳ್ಳುತ್ತಿರಲಿಲ್ಲ.

ಈಗ ಲಾಡ್ಜಿನ ಕಥೆ. ನವರಾತ್ರಿಗೆ ಒಂದು ತಿಂಗಳು ಮೊದಲೇ ಫೋನ್ ಮಾಡಿ ಬುಕ್ ಮಾಡಿದ್ದೆವು. ದಿನಕ್ಕೆ 1,400 ಅಂದಿದ್ದರು, ಅಡ್ವಾನ್ಸ್ ಕೂಡ ಕಳಿಸಿದ್ದಾಯಿತು. ಬ್ಯಾಗು ಹೊತ್ತು ಹೋಗಿ ನಿಂತರೆ ಕೌಂಟರಿನವನು 3,800 ಅಂದ. “ಅದು ಮಾಮೂಲಿ ರೇಟ್ ಸಾರ್, ಇದು ದಸರಾ ರೇಟ್.” ರಾತ್ರಿ ಒಂಬತ್ತು ಗಂಟೆ, ಜೊತೆಗೆ ಮಂಡಿನೋವಿನ ಅತ್ತೆ, ನಿದ್ದೆಗಣ್ಣಿನ ಮಕ್ಕಳು. ಎಲ್ಲಿಗೆ ಹೋಗುವುದು? ಅದು ಅವನಿಗೂ ಗೊತ್ತು. ಅತ್ತೆಗೆ ಇನ್ನೊಂದು ಹಾಸಿಗೆ ಕೇಳಿದ್ದಕ್ಕೆ 600. ಬಂದಿದ್ದು ಬೆರಳು ದಪ್ಪದ ಸ್ಪಂಜು. ಬಿಸಿನೀರು ಬೆಳಿಗ್ಗೆ ಆರರಿಂದ ಏಳೂವರೆ ಮಾತ್ರ. ‘ಅರಮನೆ ಕಾಣುವ ರೂಮು’ ಅಂತ ಬೇರೆ ಹೇಳಿದ್ದರು. ಬಚ್ಚಲಿನ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು ಕಿಟಕಿಯಿಂದ ಇಣುಕಿದರೆ ಒಂದು ಗೋಪುರದ ತುದಿ ಕಾಣುತ್ತದೆ, ಸುಳ್ಳಲ್ಲ.

ಅದಕ್ಕೇ ಹೇಳುವುದು, ಫೋನಿನಲ್ಲಿ ಮಾತಾಡಿದ್ದು ಲೆಕ್ಕಕ್ಕಿಲ್ಲ. ತಾರೀಖು ಹಾಕಿ, ಒಟ್ಟು ಬಾಡಿಗೆ, ಹೆಚ್ಚುವರಿ ಹಾಸಿಗೆ, ರೂಮು ಬಿಡುವ ಸಮಯ ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕಳಿಸಲೇಬೇಡಿ. ನವರಾತ್ರಿಯಲ್ಲೇ ಹೋಗಬೇಕು ಅನ್ನುವ ಹಠ ಇದ್ದರೆ ಶ್ರೀರಂಗಪಟ್ಟಣದಲ್ಲೋ ಮಂಡ್ಯದಲ್ಲೋ ರೂಮು ವಿಚಾರಿಸಿ. ಎರಡೂ ಕಡೆಯಿಂದ ಮೈಸೂರಿಗೆ ರೈಲು ಬಸ್ಸಿಗೇನೂ ಕೊರತೆಯಿಲ್ಲ. ದೀಪಾವಳಿ ಆದ ಮೇಲೆ ಹೋದಾಗ ಬೇರೆ ಲಾಡ್ಜಿನಲ್ಲಿ 1,200ಕ್ಕೆ ಇದಕ್ಕಿಂತ ಒಳ್ಳೆ ರೂಮು ಸಿಕ್ಕಿತು.

ತಿಂಡಿಗೆ ಮಾತ್ರ ಮೈಸೂರನ್ನು ಬೈಯುವಂತಿಲ್ಲ. ದೊಡ್ಡ ಹೆಸರಿನ ದೋಸೆ ಹೋಟೆಲುಗಳ ಮುಂದೆ ಟೋಕನ್ ಹಿಡಿದು ನಿಲ್ಲಬೇಡಿ. ಅಗ್ರಹಾರದ ಕಡೆ ಒಳರಸ್ತೆಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಮನೆಯ ಮುಂಗಟ್ಟನ್ನೇ ಹೋಟೆಲು ಮಾಡಿಕೊಂಡವರು ಅಲ್ಲಿದ್ದಾರೆ. ನಮಗೆ ಸಿಕ್ಕಿದ್ದು ಗಂಡ ಹೆಂಡತಿ ಇಬ್ಬರೇ ನಡೆಸುವ ಜಾಗ. ಮೂರು ಬೆಂಚು, ಗೋಡೆಗೆ ಹೊಡೆದ ಒಂದು ಹಲಗೆ, ಅಷ್ಟೇ. ಸೆಟ್ ದೋಸೆ, ಇಡ್ಲಿ, ಶ್ಯಾವಿಗೆ ಬಾತು ಬಿಟ್ಟರೆ ನಾಲ್ಕನೇದು ಇಲ್ಲ. ದೋಸೆ ಹೊಯ್ದು ಮುಚ್ಚಳ ಮುಚ್ಚುತ್ತಾರೆ, ತಿರುವಿ ಹಾಕುವುದಿಲ್ಲ. ಮೇಲೆಲ್ಲ ತೂತುತೂತು, ಅಡಿಭಾಗ ಹೊಂಬಣ್ಣ. ಅದರ ಮೇಲೆ ಬೆಣ್ಣೆ ಉಂಡೆ ಕರಗುವಷ್ಟರಲ್ಲಿ ಆ ಯಮ್ಮ ಸಾಗು ತಂದು ಸುರಿಯುತ್ತಾರೆ. ಆಲೂಗಡ್ಡೆ, ಬಟಾಣಿ, ಒಂಚೂರು ಗಸಗಸೆ ರುಬ್ಬಿ ಹಾಕಿದ್ದರು ಅಂತ ಅತ್ತೆಯ ಅಂದಾಜು. ಅತ್ತೆ ಹೊರಗಿನ ಊಟ ಹೊಗಳಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಕೇಳಿದ್ದೇ ಅಪರೂಪ. “ಇನ್ನೊಂದ್ ಸೌಟು ಹಾಕ್ಲಾ ಅಮ್ಮ?” ಅಂತ ಆಕೆ ಕೇಳಿದರೆ “ಹಾಕು ತಾಯಿ, ಸಾಕು ಅಂದವರು ಯಾರು?” ಅಂದರು. ಐದು ಜನ ಹೊಟ್ಟೆ ತುಂಬ ತಿಂದು, ದೊಡ್ಡವರು ಎರಡೆರಡು ಕಾಫಿ ಕುಡಿದು 380 ರೂಪಾಯಿ ಕೊಟ್ಟೆವು. ಹತ್ತು ಗಂಟೆಗೆಲ್ಲ ಹಿಟ್ಟು ಖಾಲಿ, ಬಾಗಿಲು ಬಂದ್. ಎಂಟರೊಳಗೆ ಹೋಗಿ. ಬೋರ್ಡು ಇಲ್ಲ, ಬೆಂಚಿನ ಮೇಲೆ ಕೂತವರನ್ನು ನೋಡಿಯೇ ಗುರುತು ಹಿಡಿಯಬೇಕು.

ವಸ್ತುಪ್ರದರ್ಶನದೊಳಗೆ ತಿನ್ನುವುದಾದರೆ ಡೆಲ್ಲಿ ಹಪ್ಪಳ. ಊಟದ ತಟ್ಟೆಗಿಂತ ಅಗಲ, ಮೇಲೆ ಖಾರದಪುಡಿ ಬಳಿದಿರುತ್ತಾರೆ. ಮಕ್ಕಳಿಗೆ ಕೊಡುವ ಮೊದಲು ಖಾರ ಸ್ವಲ್ಪ ಉದುರಿಸಿ. ಮೆಣಸಿನಕಾಯಿ ಬಜ್ಜಿ, ಚುರುಮುರಿಗೂ ಮೋಸವಿಲ್ಲ. ಗೋಬಿ ಮಂಚೂರಿಯ ಬಣ್ಣ ನೋಡಿದರೆ ನನಗೆ ಧೈರ್ಯ ಬರಲಿಲ್ಲ.

ಆಟದ ಜಾಗದಲ್ಲಿ ದುಡ್ಡು ನೀರಿನಂತೆ ಹೋಗುತ್ತದೆ. ಗೇಟಿನ ಟಿಕೆಟ್ ಏನೂ ದುಬಾರಿ ಅಲ್ಲ. ಆದರೆ ಜೈಂಟ್ ವೀಲ್, ಕೊಲಂಬಸ್, ಪುಟ್ಟ ರೈಲು ಎಲ್ಲಕ್ಕೂ ಬೇರೆಬೇರೆ ಟಿಕೆಟ್. ತಲಾ ಎರಡು ಆಟ ಅಂತ ಮಕ್ಕಳ ಹತ್ತಿರ ಮೊದಲೇ ಮಾತಾಡಿಕೊಂಡು ಒಳಗೆ ಕಾಲಿಡಿ. ರಿಂಗ್ ಎಸೆಯುವ ಅಂಗಡಿ ಕಡೆ ತಲೆ ಹಾಕಬೇಡಿ. ಅಲ್ಲಿ ಸೋಪು, ಗಡಿಯಾರ, ಮಡಚಿದ ನೋಟು ಎಲ್ಲವನ್ನೂ ಮರದ ತುಂಡಿನ ಮೇಲೆ ಇಟ್ಟಿರುತ್ತಾರೆ. ರಿಂಗು ವಸ್ತುವಿನ ಸುತ್ತ ಬಿದ್ದರೆ ಸಾಲದು, ಮರದ ತುಂಡನ್ನೂ ದಾಟಿ ಕೆಳಗೆ ಕೂರಬೇಕು. ನಾನು ರಿಂಗನ್ನು ಕೈಯಲ್ಲೇ ಹಿಡಿದು ಹಾಕಿ ನೋಡಿದೆ. ನೇರವಾಗಿ ಒತ್ತಿದರೆ ಮಾತ್ರ ಇಳಿಯುತ್ತದೆ, ಒಂದು ಎಳೆ ವಾರೆಯಾದರೂ ಸಿಕ್ಕಿಕೊಳ್ಳುತ್ತದೆ. ಎಸೆದರೆ ಹೇಗೆ ಇಳಿದೀತು? ಅಂಗಡಿಯವನು ರಿಂಗು ಕಿತ್ತುಕೊಂಡ. ಅಷ್ಟರಲ್ಲಿ ನಮ್ಮ ಮನೆಯವರು 200 ಕಳೆದಿದ್ದರು.

ಇಷ್ಟೇ ಮುಖ್ಯವಾದದ್ದು ಸೀರೆ. ‘ಮೈಸೂರ್ ಸಿಲ್ಕ್’ ಅಂತ 1,500ಕ್ಕೆ ಯಾರಾದರೂ ಕೊಟ್ಟರೆ ಅದು ಅದಲ್ಲ. ಅಸಲಿ ಮೈಸೂರು ರೇಷ್ಮೆ ಸೀರೆ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ ಕೆಎಸ್‌ಐಸಿಯದು, ಮೈಸೂರಿನಲ್ಲಿ ಅದರ ಕಾರ್ಖಾನೆ 1912ರಿಂದ ಇದೆ. 2005ರಲ್ಲಿ ಜಿಐ ಗುರುತೂ, ಅಂದರೆ ಇದು ಈ ಊರಿನದೇ ಸರಕು ಅನ್ನುವ ಗುರುತೂ ಸಿಕ್ಕಿದೆ. ಬೆಲೆ ಹತ್ತು ಸಾವಿರ ದಾಟುತ್ತದೆ. ಸ್ಟೇಷನ್ನಿನಿಂದ ಆಟೋ ಹತ್ತಿದಾಗ “ದಾರೀಲೇ ಒಂದು ಒಳ್ಳೆ ಸಿಲ್ಕ್ ಅಂಗಡಿ ಇದೆ ಮೇಡಂ, ಸುಮ್ನೆ ನೋಡಿ” ಅಂದರೆ ಬೇಡ ಅಂತ ಖಡಕ್ಕಾಗಿ ಹೇಳಿ. ನೀವು ಒಳಗೆ ಹೋದರೆ ಅವನಿಗೆ ಕಮಿಷನ್.

ಅರಮನೆಯ ದೀಪಾಲಂಕಾರ ನವರಾತ್ರಿಯಲ್ಲಿ ದಿನಾ ಇರುತ್ತದೆ, ಉಳಿದ ದಿನಗಳಲ್ಲಿ ಭಾನುವಾರ ಸಂಜೆ ಏಳಕ್ಕೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಅದಕ್ಕೆ ಭಾನುವಾರ ಅರಮನೆ, ಸೋಮವಾರ ವಸ್ತುಪ್ರದರ್ಶನ ಅಂತ ಇಟ್ಟುಕೊಳ್ಳಿ. ಭಾನುವಾರ ವಸ್ತುಪ್ರದರ್ಶನದಲ್ಲೂ ಊರಿಗೆ ಊರೇ ಇರುತ್ತದೆ. ಮೃಗಾಲಯಕ್ಕೆ ಹೋಗುವವರು ಮಂಗಳವಾರ ಬಿಡಿ, ಅವತ್ತು ರಜೆ.

ಮೈದಾನ ಒಂದು ಕಾಲದಲ್ಲಿ ಕೆರೆ ಇದ್ದ ಜಾಗ. ಮಳೆ ಬಂದರೆ ಕೆಸರು ಅಂದರೆ ಕೆಸರು, ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಮಕ್ಕಳ ಮುಂಗೈ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. ವಯಸ್ಸಾದವರಿದ್ದರೆ ಸಂಜೆ ನಾಲ್ಕಕ್ಕೇ ಒಳಗೆ ಹೋಗಿ ಏಳೂವರೆಗೆ ಹೊರಡಿ. ಎಂಟರ ಮೇಲೆ ಗೇಟಿನ ಹೊರಗೆ ಆಟೋದವರು ಮೀಟರ್ ಅನ್ನುವ ಪದವನ್ನೇ ಮರೆತಿರುತ್ತಾರೆ. ಇನ್ನು ನಮ್ಮ ಕಡೆಯವರು ಹಾಸನ, ಅರಸೀಕೆರೆ ಮೇಲೆ ಹೋಗುವ ರೈಲಿಗೆ ವಾಪಸ್ ಟಿಕೆಟ್ಟನ್ನೂ ಹೊರಡುವ ಮೊದಲೇ ಮಾಡಿಸಿಡಿ. ರಜೆ ಮುಗಿಯುವ ದಿನ ಜನರಲ್ ಬೋಗಿಯಲ್ಲಿ ಅತ್ತೆಗೊಂದು ಸೀಟು ಸಿಗಲು ಹಾಸನ ಬರಬೇಕಾಯಿತು.