ಬಾಂಡ್ ಪೇಪರ್ ಮೇಲೆ ಬೆರಳಿನ ರೇಟು

ಬೆಳಗಾವಿ ಉದ್ಯಮಬಾಗದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಪ್ರೆಸ್‌ಗೆ ಬೆರಳು ಸಿಕ್ಕರೆ ಮುಂದಿನದು ಗೊತ್ತಿದ್ದ ಕತೆಯೇ. ಆಸ್ಪತ್ರೆ ಬಿಲ್ ಮಾಲೀಕರು ಕಟ್ಟುತ್ತಾರೆ, ಕೈಗೆ ಒಂದಿಷ್ಟು ದುಡ್ಡು ಇಡುತ್ತಾರೆ, ಬಾಂಡ್ ಪೇಪರ್ ಮೇಲೆ 'ನನಗೆ ಬರಬೇಕಾದದ್ದು ಏನೂ ಇಲ್ಲ' ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ಮುಗಿಯಿತು ಅಂದುಕೊಳ್ಳುತ್ತಾರೆ, ಇಬ್ಬರೂ.

ಮುಗಿದಿರುವುದಿಲ್ಲ. 2025ರ ನವೆಂಬರ್ 21ಕ್ಕಿಂತ ಮೊದಲಿನ ಅಪಘಾತವಾದರೆ, 1923ರ ನೌಕರರ ಪರಿಹಾರ ಕಾಯ್ದೆ ಪ್ರಕಾರ ಇಂಥ ಒಪ್ಪಂದವನ್ನು ಕಮಿಷನರ್ ಹತ್ತಿರ ನೋಂದಾಯಿಸಬೇಕು. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಆ ಕಮಿಷನರ್. ಮೊತ್ತ ತೀರಾ ಕಡಿಮೆ ಅನಿಸಿದರೆ ಅವರು ನೋಂದಣಿಯನ್ನೇ ನಿರಾಕರಿಸಬಹುದು. ನೋಂದಾಯಿಸದೇ ಬಿಟ್ಟರೆ ಮಾಲೀಕರು ಪೂರ್ತಿ ಪರಿಹಾರ ಕೊಡಬೇಕು, ಅಷ್ಟೇ ಅಲ್ಲ, ಮೊದಲು ಕೊಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮುರಿದುಕೊಳ್ಳುವ ಹಾಗೂ ಇಲ್ಲ, ಕಮಿಷನರ್ ಬೇರೆ ಹೇಳದ ಹೊರತು. 29ನೇ ಸೆಕ್ಷನ್ ಇದು. ಬರೆದವರಿಗೆ ಮಾಲೀಕರ ಬುದ್ಧಿ ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತದೆ!

ನಮ್ಮ ಓಣಿಯ ಹುಡುಗನ ತೋರುಬೆರಳು ಬುಡದಿಂದಲೇ ಹೋಗಿದ್ದು 2023ರಲ್ಲಿ. ಸಿಕ್ಕಿದ್ದು 40,000. "ಅಣ್ಣಾರ, ಸಾವಕಾರ್ರು ಛಲೋ ಮಂದಿ ಅದಾರ, ಕೋರ್ಟ್ ಗೀರ್ಟ್ ಬ್ಯಾಡ್ರಿ" ಅಂದ. ಸರಿ, ಲೆಕ್ಕ ಆದರೂ ನೋಡು ಅಂತ ಕೂರಿಸಿಕೊಂಡೆ. ಸಂಬಳ 17,000, ಆದರೆ 2020ರಿಂದ ಕಾಯ್ದೆ 15,000ದವರೆಗೆ ಮಾತ್ರ ಹಿಡಿಯುತ್ತದೆ. ಅದರ ಶೇ. 60 ಅಂದರೆ 9,000. ಅವನ ವಯಸ್ಸು 30, ಅದಕ್ಕೆ ಕಾಯ್ದೆಯ ಕೋಷ್ಟಕದಲ್ಲಿರುವ ಅಂಕಿ 207.98, ಗುಣಿಸಿದರೆ 18,71,820. ಪೂರ್ತಿ ದುಡಿಯಲಾಗದೇ ಹೋದರೆ ಸಿಗುವುದು ಇಷ್ಟು. ತೋರುಬೆರಳು ಪೂರ್ತಿ ಹೋದರೆ ಅದರ ಶೇ. 14, ಅಂದರೆ 2,62,000 ಚಿಲ್ಲರೆ. ಹೆಬ್ಬೆರಳಾಗಿದ್ದರೆ ಶೇ. 30. ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ ಬೇರೆ. ಹುಡುಗ ಸುಮ್ಮನೆ ಕೂತ. ಅವನ ಹೆಂಡತಿ ಮಾತ್ರ ಬಾಂಡ್ ಪೇಪರಿನ ಜೆರಾಕ್ಸ್ ಎಲ್ಲಿದೆ ಅಂತ ಕೇಳಿದರು.

ಇಎಸ್‌ಐ (ಸರಕಾರಿ ಕಾರ್ಮಿಕ ವಿಮೆ) ಇದ್ದವರಿಗೆ ಈ ದಾರಿ ಇಲ್ಲ, ಅವರಿಗೆ ಅಲ್ಲಿಂದಲೇ ಬರುತ್ತದೆ. ಹತ್ತು ಜನರೂ ಇಲ್ಲದ ಶೆಡ್‌ಗಳಲ್ಲಿ ಸಾಮಾನ್ಯವಾಗಿ ಇಎಸ್‌ಐ ಇರುವುದಿಲ್ಲ, ಅಲ್ಲಿ ಕೆಲವು ಮಾಲೀಕರು ಇನ್ಶೂರೆನ್ಸ್ ಪಾಲಿಸಿ ಮಾಡಿಸಿರುತ್ತಾರೆ. ಆದರೆ ಪ್ರೀಮಿಯಂ ಉಳಿಸಲು ಆಳುಗಳನ್ನೂ ಸಂಬಳವನ್ನೂ ಕಡಿಮೆ ತೋರಿಸಿರುತ್ತಾರೆ, ಕ್ಲೇಮ್ ಬಂದಾಗ ಕಂಪನಿಯವರು ಮೊದಲು ಕೆದಕುವುದೇ ಅದನ್ನು. ಪಾಲಿಸಿ ಕೈಕೊಟ್ಟರೂ ಮಾಲೀಕರ ಹೊಣೆ ತಪ್ಪುವುದಿಲ್ಲ.

2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವಾಗ ಆದ ಅಪಘಾತವೂ, ಕೆಲಸಕ್ಕೆ ಸಂಬಂಧ ತೋರಿಸಿದರೆ, ಅದರಲ್ಲಿ ಸೇರುತ್ತದೆ. ಹುಡುಗನದು ಹಳೇ ಕಾಯ್ದೆಯ ಕೇಸು, ಅದರಲ್ಲಿ ಅರ್ಜಿಗೆ ಅಪಘಾತದಿಂದ 2 ವರ್ಷ ಅವಕಾಶ ಇತ್ತು. ಅಪಘಾತವಾದ ಊರಲ್ಲೇ ಹಾಕಬೇಕೆಂದೂ ಇಲ್ಲ, ಗೋಕಾಕದಲ್ಲಿ ಮನೆ ಇದ್ದವರು ಗೋಕಾಕದಲ್ಲೇ ಹಾಕಬಹುದು.