ಡಿ ಲಿಖ್ಟ್ ‘ಹಾಳಾದದ್ದು’ ಯಾಕೆ ಎಂದು ಕೇಳುವವರಿಗೆ

ಫುಟ್‌ಬಾಲ್ ಬಗ್ಗೆ ಆಗಾಗ ನಾಲ್ಕು ಸಾಲು ಬರೆಯುತ್ತೇನೆ ಎಂಬ ಒಂದೇ ತಪ್ಪಿಗೆ ನಾನು ಮತ್ತೆ ಮತ್ತೆ ಎದುರಿಸುವ ಪ್ರಶ್ನೆಯೊಂದಿದೆ: ಹತ್ತೊಂಬತ್ತನೆಯ ವಯಸ್ಸಿಗೇ ನೆದರ್ಲೆಂಡ್ಸ್‌ನ ಅಯಾಕ್ಸ್ ತಂಡದ ನಾಯಕನಾಗಿ, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಆಡಿದ ಮಥೈಸ್ ಡಿ ಲಿಖ್ಟ್ ಆಮೇಲೆ ಯಾಕೆ ಹಾಗಾದ? ಕೇಳುವ ಧಾಟಿ ಒಬ್ಬೊಬ್ಬರದು ಒಂದೊಂದು. ಕಳೆದ ವರ್ಷ ಉಡುಪಿ ಕಡೆಯ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಎಲೆಗೆ ಸಾರು ಬೀಳುವ ಹೊತ್ತಿಗೆ ಸರಿಯಾಗಿ, ಪಕ್ಕದಲ್ಲಿದ್ದ ದೂರದ ನೆಂಟರೊಬ್ಬರು ನನ್ನ ಕಡೆ ವಾಲಿ, “ಅಲ್ಲ ಮಾರಾಯ್ರೆ, ನಿಮ್ಮ ಆ ಡಚ್ ಹುಡುಗ ಯಾಕೆ ಹಾಗೆ ಹಾಳಾಗಿ ಹೋದ?” ಎಂದು ಕೇಳಿದರು. ಅನ್ನದ ಕಟ್ಟೆ ಒಡೆದು ಸಾರು ಎಲೆಯ ಅಂಚಿಗೆ ಹರಿಯುತ್ತಿತ್ತು. ಅದನ್ನು ತಡೆಯುವುದೋ ಡಿ ಲಿಖ್ಟ್‌ನನ್ನು ಕಾಪಾಡುವುದೋ ತಿಳಿಯದೆ ಎರಡನ್ನೂ ಅರ್ಧಕ್ಕೆ ಬಿಟ್ಟೆ. ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುವವನಿದ್ದೇನೆ.

ಮೊದಲನೆಯದಾಗಿ, ಅವನು ‘ನಮ್ಮ’ ಹುಡುಗನಲ್ಲ. ಎರಡನೆಯದಾಗಿ, ಹಾಳಾಗಿಯೂ ಇಲ್ಲ. ಯುವೆಂಟಸ್ ಜೊತೆ 2020ರಲ್ಲಿ ಇಟಲಿಯ ಲೀಗ್, 2021ರಲ್ಲಿ ಅಲ್ಲಿಯ ಕಪ್ ಟೂರ್ನಿಯಾದ ಕೊಪ್ಪಾ ಇಟಾಲಿಯಾ, ಬಯರ್ನ್ ಮ್ಯೂನಿಕ್ ಜೊತೆ 2023ರಲ್ಲಿ ಜರ್ಮನಿಯ ಲೀಗ್ ಗೆದ್ದು, 2024ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಆಟಗಾರನನ್ನು ಹಾಳಾದವನೆನ್ನುವುದಾದರೆ, ಹಾಗೆ ಹಾಳಾಗಲು ಸಾಲುಗಟ್ಟಿ ನಿಲ್ಲುವ ಡಿಫೆಂಡರ್‌ಗಳು ಯುರೋಪಿನ ತುಂಬ ಸಿಕ್ಕಾರು. 2022ರ ವಿಶ್ವಕಪ್‌ನಲ್ಲಿ ಮೊದಲ ಪಂದ್ಯದ ಬಳಿಕ ಅವನ ಜಾಗ ಯೂರಿಯನ್ ಟಿಂಬರ್‌ಗೆ ಹೋದದ್ದು ನಿಜ. ಬಯರ್ನ್‌ನ ಎರಡನೆಯ ಋತುವನ್ನು ಗಾಯಗಳು ತಿಂದದ್ದೂ ನಿಜ. ಅವನು ಜಗತ್ತಿನ ಅತ್ಯುತ್ತಮ ಡಿಫೆಂಡರ್ ಎಂದು ನಾನೆಲ್ಲೂ ಹೇಳಿಲ್ಲ. ಹೇಳಿದ್ದೇನೆಂದು ಯಾರಾದರೂ ವಾದಿಸಿದರೆ, ಅದು ಆ ಮದುವೆಯ ಪಂಕ್ತಿಯಿಂದ ಹಬ್ಬಿದ ಸುದ್ದಿ.

ಇಟಲಿಯ ಮೊದಲ ಋತುವಿನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆಕ್ಷೇಪಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. 2019ರ ಜುಲೈನಲ್ಲಿ ಯುವೆಂಟಸ್ ಅವನಿಗೆ ಕೊಟ್ಟ ಬೆಲೆ 7.5 ಕೋಟಿ ಯೂರೋ. ಹಿರಿಯ ಜಾರ್ಜೊ ಕಿಯೆಲ್ಲಿನಿಯ ಪಕ್ಕದಲ್ಲಿ ನಿಧಾನವಾಗಿ ಕಲಿಯಲಿ ಎಂಬುದು ಲೆಕ್ಕಾಚಾರವಾಗಿತ್ತು. ಆದರೆ ಆಗಸ್ಟ್ 30ರ ಅಭ್ಯಾಸದಲ್ಲಿ ಕಿಯೆಲ್ಲಿನಿಯ ಮೊಣಕಾಲಿನ ಅಸ್ಥಿರಜ್ಜು (ಲಿಗಮೆಂಟ್) ಹರಿಯಿತು, ಮರುದಿನವೇ ನಾಪೊಲಿಯ ಎದುರು ಹುಡುಗ ಕಣಕ್ಕಿಳಿಯಬೇಕಾಯಿತು. ಅಯಾಕ್ಸ್‌ನಲ್ಲಿ ಮೈದಾನದ ನಡುಗೆರೆಯ ತನಕ ಮುಂದೆ ಹೋಗಿ, ಎದುರಾಳಿಯ ಬೆನ್ನಿಗೇ ಅಂಟಿಕೊಂಡು ಚೆಂಡು ಕಸಿಯುತ್ತಿದ್ದವನಿಗೆ, ಕೋಚ್ ಮೌರಿಜಿಯೊ ಸಾರಿ ಅವರ ಪದ್ಧತಿಯಲ್ಲಿ ಆಟಗಾರನನ್ನು ಬಿಟ್ಟು ಜಾಗವನ್ನೂ ಚೆಂಡನ್ನೂ ನೋಡಿ ನಿಲ್ಲಬೇಕಿತ್ತು. ಸಾಲದೆಂಬಂತೆ ಅದೇ ಬೇಸಿಗೆಯಲ್ಲಿ ಹ್ಯಾಂಡ್‌ಬಾಲ್ ನಿಯಮವೂ ಬಿಗಿಯಾಯಿತು. ಅಕ್ಟೋಬರ್‌ನಲ್ಲಿ ಇಂಟರ್ ಎದುರು ಅವನ ಕೈಗೆ ಚೆಂಡು ತಗುಲಿ ಪೆನಾಲ್ಟಿ, ಲೆಚ್ಚೆ ಎದುರು ಮತ್ತೊಂದು. ನಮ್ಮವರಿಗೆ ನೆನಪಿರುವುದು ಆ ಕೈ. ಅದರ ಮುಂದಿನ ವಾರ, ನವೆಂಬರ್ 2ರಂದು, ಯುವೆಂಟಸ್‌ನ ಊರಾದ ಟುರಿನ್‌ನ ಇನ್ನೊಂದು ತಂಡ ಟೊರಿನೊ ವಿರುದ್ಧ 1-0 ಅಂತರದಿಂದ ಗೆದ್ದ ಪಂದ್ಯದ ಏಕೈಕ ಗೋಲು ಯಾರದೆಂದು ಕೇಳಿ ನೋಡಿ, ಪಂಕ್ತಿಯಲ್ಲಿ ಉತ್ತರ ಬರುವುದಿಲ್ಲ. ಅದು ಅವನದೇ.

ಮುಂಚೂಣಿ ಆಟಗಾರ ಒಂಬತ್ತು ಅವಕಾಶ ಕೆಡಿಸಿ ಹತ್ತನೆಯದನ್ನು ಗೋಲಾಗಿಸಿದರೆ ಹೀರೋ ಆಗುತ್ತಾನೆ, ಡಿ ಲಿಖ್ಟ್‌ನಂತೆ ರಕ್ಷಣೆಯ ನಡುವೆ ನಿಲ್ಲುವ ಸೆಂಟರ್ ಬ್ಯಾಕ್ ಒಂಬತ್ತನ್ನು ತಡೆದು ಹತ್ತನೆಯದರಲ್ಲಿ ಎಡವಿದರೆ ಆ ಎಡವಿದ್ದೇ ರಾತ್ರಿಯ ಸುದ್ದಿಯಾಗುತ್ತದೆ. ಯುರೋಪಿನ ಲೀಗುಗಳಲ್ಲಿ ಆಡುವ 21ರೊಳಗಿನ ಆಟಗಾರರಿಗೆ ಕೊಡುವ ‘ಗೋಲ್ಡನ್ ಬಾಯ್’ ಪ್ರಶಸ್ತಿಯನ್ನು ಗೆದ್ದ ಮೊದಲ ಡಿಫೆಂಡರ್ 2018ರ ಡಿ ಲಿಖ್ಟ್ ಎಂಬುದನ್ನು ಎಲ್ಲರೂ ಹೊಗಳಿಕೆಯಾಗಿ ಹೇಳುತ್ತಾರೆ. ಅದಕ್ಕೆ ಮುಂಚೆ ಒಬ್ಬನೂ ಯಾಕಿರಲಿಲ್ಲ ಎಂದು ಯಾರೂ ಯೋಚಿಸುವುದಿಲ್ಲ. ಆ ಜಾಗದ ಆಟ ಮಾಗಲು ವರ್ಷಗಳು ಬೇಕು, ಅಷ್ಟೆ.

ನಿಜಕ್ಕೂ ನನ್ನನ್ನು ಕೇಳಬೇಕಾಗಿದ್ದದ್ದು ಬೇರೆಯೇ ಪ್ರಶ್ನೆ: ಬಲ್ಗೇರಿಯಾದ ಸೋಫಿಯಾದಲ್ಲಿ ಆದದ್ದರ ನಂತರವೂ ಅವನು ಆಟಗಾರನಾಗಿ ಉಳಿದದ್ದು ಹೇಗೆ?

2017ರ ಮಾರ್ಚ್ 25, ವಿಶ್ವಕಪ್ ಅರ್ಹತಾ ಪಂದ್ಯ, ಎದುರಾಳಿ ಬಲ್ಗೇರಿಯಾ. ಒಂಬತ್ತನೆಯ ವಯಸ್ಸಿಗೆ ಅಬ್ಕೌಡೆ ಎಂಬ ಸಣ್ಣ ಊರಿನ ಕ್ಲಬ್ಬಿನಿಂದ ಅಯಾಕ್ಸ್ ಸೇರಿದ್ದ ಹುಡುಗನಿಗೆ ಆಗ ಹದಿನೇಳು ವರ್ಷ. ಹಿಂದಿನ ಸೆಪ್ಟೆಂಬರ್‌ನಲ್ಲಿ ವಿಲ್ಲೆಮ್ II ಎಂಬ ತಂಡದ ವಿರುದ್ಧ ಹಿರಿಯರ ತಂಡದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಗೋಲು ಹೊಡೆದಿದ್ದನೆಂಬುದು ಬಿಟ್ಟರೆ, ಡಚ್ ಲೀಗ್‌ನಲ್ಲಿ ಅವನು ಆಡಿದ್ದು ಬೆರಳೆಣಿಕೆಯ ಪಂದ್ಯಗಳನ್ನು. ಡಿಫೆಂಡರ್ ವರ್ಜಿಲ್ ವ್ಯಾನ್ ಡೈಕ್ ಗಾಯಗೊಂಡು ಹೊರಗಿದ್ದರು. ಕೋಚ್ ಡ್ಯಾನಿ ಬ್ಲಿಂಡ್ ಈ ಹುಡುಗನನ್ನೇ ಇಳಿಸಿದರು. 1931ರ ನಂತರ ನೆದರ್ಲೆಂಡ್ಸ್ ಪರ ಅಷ್ಟು ಚಿಕ್ಕ ವಯಸ್ಸಿನವರು ಆಡಿರಲಿಲ್ಲ. ಐದನೆಯ ನಿಮಿಷದಲ್ಲಿ ಹಿಂದಿನಿಂದ ಬಂದ ಉದ್ದನೆಯ ಚೆಂಡೊಂದರ ಅಂದಾಜು ಅವನಿಗೆ ತಪ್ಪಿತು, ಸ್ಪಾಸ್ ಡೆಲೆವ್ ಗೋಲು ಹೊಡೆದ. ಇಪ್ಪತ್ತನೆಯ ನಿಮಿಷದಲ್ಲಿ ಮತ್ತೆ ಡೆಲೆವ್, ಮತ್ತೆ ಬೊಟ್ಟು ಮಾಡಿದ್ದು ಹುಡುಗನತ್ತಲೇ. ವಿರಾಮಕ್ಕೆ ಅವನನ್ನು ಹೊರಗೆ ಕರೆಯಲಾಯಿತು, ಪಂದ್ಯ 2-0 ಸೋಲಿನಲ್ಲಿ ಮುಗಿಯಿತು, ಮರುದಿನ ಬ್ಲಿಂಡ್ ಅವರ ಕೆಲಸ ಹೋಯಿತು, ಮುಂದೆ ಆ ದೇಶ 2018ರ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ಪಿಯುಸಿ ಓದುವ ವಯಸ್ಸಿನವನ ತಲೆಯ ಮೇಲೆ ಒಂದೇ ರಾತ್ರಿಯಲ್ಲಿ ಬಿದ್ದ ಹೊರೆ ಇದು.

ಅಯಾಕ್ಸ್‌ನ ಕೋಚ್ ಪೀಟರ್ ಬಾಸ್ ಅವನನ್ನು ಬಚ್ಚಿಡಲಿಲ್ಲ. ಸೋಫಿಯಾದ ರಾತ್ರಿಗೆ ಎರಡು ತಿಂಗಳು ತುಂಬಲು ಒಂದು ದಿನ ಬಾಕಿಯಿರುವಾಗ, ಮೇ 24ರಂದು, ಸ್ಟಾಕ್‌ಹೋಮ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಯುರೋಪಾ ಲೀಗ್ ಫೈನಲ್‌ನಲ್ಲಿ ಅವನು ಮೊದಲ ಹನ್ನೊಂದರಲ್ಲಿದ್ದ. ಯುರೋಪಿನ ದೊಡ್ಡ ಕ್ಲಬ್ ಫೈನಲ್ ಆಡಿದವರಲ್ಲಿ ಅಲ್ಲಿಯ ತನಕ ಅವನೇ ಅತಿ ಕಿರಿಯ. ಅದನ್ನೂ 2-0 ಸೋತರು. ಮುಂದಿನ ಮಾರ್ಚ್‌ನಲ್ಲಿ ನಾಯಕನ ಪಟ್ಟಿ ಅವನ ತೋಳಿಗೆ ಬಂತು, ವಯಸ್ಸು ಹದಿನೆಂಟು. 2019ರ ಏಪ್ರಿಲ್ 16ರಂದು ಟುರಿನ್‌ನಲ್ಲಿ, ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್‌ನಲ್ಲಿ, 67ನೆಯ ನಿಮಿಷದ ಕಾರ್ನರ್‌ಗೆ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಹೆಡರ್ ಮಾಡಿ ಯುವೆಂಟಸ್‌ನ್ನು ಮನೆಗೆ ಕಳುಹಿಸಿದವನು ಇದೇ ಹುಡುಗ.

ಸೆಮಿಫೈನಲ್ ಎಲ್ಲರಿಗೂ ಗೊತ್ತು: ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ವಿರುದ್ಧ 1-0 ಗೆದ್ದು ಬಂದು, ಮೇ 8ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಐದನೆಯ ನಿಮಿಷದಲ್ಲೇ ಡಿ ಲಿಖ್ಟ್ ಹೆಡರ್, ಆಮೇಲೆ ಅಯಾಕ್ಸ್‌ನದೇ ಜಿಯೆಚ್, ಎರಡೂ ಪಂದ್ಯ ಸೇರಿ ಒಟ್ಟು 3-0. ನಂತರ ಟಾಟನ್‌ಹ್ಯಾಮ್‌ನ ಲೂಕಸ್ ಮೌರನ ಮೂರು ಗೋಲು, ಮೂರನೆಯದು 96ನೆಯ ನಿಮಿಷದಲ್ಲಿ. ಆ ಕೊನೆಯ ದಾಳಿಯಲ್ಲಿ ಉದ್ದನೆಯ ಚೆಂಡಿಗಾಗಿ ಟಾಟನ್‌ಹ್ಯಾಮ್‌ನ ಯೊರೆಂಟೆಯ ಜೊತೆ ಹಾರಿದವನೂ ಡಿ ಲಿಖ್ಟೇ; ಅದು ಸಿಡಿದು ಅವರದೇ ತಂಡದ ಆಲಿಯ ಕಾಲಿಗೆ, ಅಲ್ಲಿಂದ ಮೌರನಿಗೆ ಹೋಯಿತು. ನಮ್ಮ ಸಮಯ ರಾತ್ರಿ ಎರಡು ಗಂಟೆ ದಾಟಿತ್ತು, ಮನೆಯವರನ್ನು ಎಬ್ಬಿಸಬಾರದೆಂದು ನಾನು ದಿಂಬು ಕಚ್ಚಿಕೊಂಡಿದ್ದೆ. ಒಟ್ಟು 3-3 ಸಮವಾದರೂ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಸೋತದ್ದು ಬುಧವಾರ. ಮುಂದಿನ ಬುಧವಾರ, ಮೇ 15ರಂದು, ಅವನ ನಾಯಕತ್ವದ ಅಯಾಕ್ಸ್ ಡೂಟಿಂಚೆಮ್‌ಗೆ ಹೋಗಿ ಡಿ ಗ್ರಾಫ್‌ಸ್ಖಾಪ್ ತಂಡವನ್ನು 4-1ರಿಂದ ಸೋಲಿಸಿ, 2014ರ ನಂತರ ಮೊದಲ ಬಾರಿಗೆ ಲೀಗ್ ಚಾಂಪಿಯನ್ ಆಯಿತು. ಆ ಏಳು ದಿನಗಳ ಬಗ್ಗೆ ಯಾರಾದರೂ ಕೇಳುವುದಿದ್ದರೆ ಕೇಳಿ.