ಮರ ಕಡಿದು ಉಳಿಸಿದ ಜೌಗು

ಸ್ಕಾಟ್ಲೆಂಡಿನ ಇನ್ವರ್ನೆಸ್‌ನಿಂದ ಉತ್ತರಕ್ಕೆ ಹೊರಡುವ ರೈಲು ಹೆಲ್ಮ್ಸ್‌ಡೇಲ್‌ನಲ್ಲಿ ಕಡಲಿಗೆ ಬೆನ್ನು ಹಾಕಿ ಒಳನಾಡಿಗೆ ತಿರುಗುತ್ತದೆ. ಮುಂದೆ ಕಂದು ಬಯಲೋ ಬಯಲು. ಫೋರ್ಸಿನಾರ್ಡ್‌ನಲ್ಲಿ ಇಳಿದಾಗ ನಮ್ಮನ್ನು ಎದುರುಗೊಂಡದ್ದು ಮಿಜ್ ಎಂಬ ನುಸಿಗಳ ದಂಡು.

ಇದು ಫ್ಲೋ ಕಂಟ್ರಿ. ಸುಮಾರು 4,000 ಚದರ ಕಿಲೋಮೀಟರ್ ಪೀಟ್ ಜೌಗು. ಪೀಟ್ ಎಂದರೆ ಅರೆಕೊಳೆತ ಪಾಚಿ, ಗಿಡಗಳು ಪೇರಿ ಆದ ಕಂದು ಮಣ್ಣು. ಹಾಸುಗಲ್ಲಿನ ದಾರಿಯ ಪಕ್ಕದಲ್ಲಿ ಕೂತು ಒಂದು ಹಿಡಿ ಸ್ಫ್ಯಾಗ್ನಮ್ ಪಾಚಿಯನ್ನು ಒತ್ತಿ ನೋಡಿದೆ. ನೀರು ಮೊಣಕೈವರೆಗೆ ಇಳಿಯಿತು. ಪಕ್ಕದಲ್ಲೇ ಉಗುರಿನಷ್ಟು ಚಿಕ್ಕ ಎಲೆಗಳ, ಕೀಟ ತಿನ್ನುವ ಸನ್‌ಡ್ಯೂ ಗಿಡ, ಅದರ ಕೆಂಪು ಅಂಟಿನಲ್ಲಿ ಒಂದು ಮಿಜ್ ಒದ್ದಾಡುತ್ತಿತ್ತು. ನನಗೇನೂ ಕನಿಕರ ಹುಟ್ಟಲಿಲ್ಲ! ಸದಾ ನೀರು ನಿಂತ ಈ ನೆಲದಲ್ಲಿ ಆಮ್ಲಜನಕ ಸಾಲದು. ಸತ್ತ ಪಾಚಿ ಪೂರ್ತಿ ಕೊಳೆಯದೆ ವರ್ಷಕ್ಕೆ ಒಂದು ಮಿಲಿಮೀಟರಿನಂತೆ ಪೇರುತ್ತದೆ. ಕೆಲವೆಡೆ ಪೀಟ್ ಹತ್ತು ಮೀಟರ್ ಆಳವಿದೆ. ಇಲ್ಲಿ ಹುದುಗಿರುವ ಇಂಗಾಲ ಸುಮಾರು 40 ಕೋಟಿ ಟನ್, ಬ್ರಿಟನ್ನಿನ ಎಲ್ಲ ಕಾಡುಗಳಲ್ಲಿರುವುದರ ಎರಡು ಪಟ್ಟಿಗೂ ಹೆಚ್ಚು.

ವೀಕ್ಷಣಾ ಗೋಪುರದ ಆಚೆ ನೇಗಿಲ ಸಾಲುಗಳು, ಬೂದು ಬಣ್ಣದ ಬೊಡ್ಡೆಗಳು. 1980ರ ದಶಕದಲ್ಲಿ ಮರ ನೆಟ್ಟವರಿಗೆ ಭಾರಿ ತೆರಿಗೆ ರಿಯಾಯಿತಿ ಸಿಗುತ್ತಿತ್ತು. ಜೌಗನ್ನು ಕಾಣದ ಸಿರಿವಂತರೂ ದುಡ್ಡು ಹಾಕಿ, ನೀರು ಬಸಿಯಲು ಕಾಲುವೆ ತೋಡಿಸಿ, ಸಿಟ್ಕಾ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರ ನೆಡಿಸಿದರು. ನೆಲ ಒಣಗಿತು, ಗೋಲ್ಡನ್ ಪ್ಲವರ್ ಹಕ್ಕಿಗಳು ತೋಪಿನ ಅಂಚಿನಿಂದ ದೂರ ಸರಿದವು. 1988ರಲ್ಲಿ ರಿಯಾಯಿತಿ ನಿಂತಿತು. 1995ರಲ್ಲಿ ಫೋರ್ಸಿನಾರ್ಡ್ ಎಸ್ಟೇಟನ್ನು ಕೊಂಡ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ, ಮರಗಳನ್ನು ಉರುಳಿಸಿ ಕಾಲುವೆಗಳಿಗೆ ಒಡ್ಡು ಕಟ್ಟುತ್ತಾ ಬಂದಿದೆ. ವನಮಹೋತ್ಸವದಲ್ಲಿ ಸಸಿ ನೆಟ್ಟು ಬೆಳೆದ ನನಗೆ ಕಡಿದ ಬೊಡ್ಡೆಯನ್ನು ಕಂಡು ಸಮಾಧಾನಪಡುವುದು ಸುಲಭವಾಗಲಿಲ್ಲ. ಒಡ್ಡಿನ ಹಿಂದೆ ನಿಂತ ನೀರಿನಲ್ಲಿ ಹೊಸ ಪಾಚಿ ಹಸಿರಾಗಿ ಹರಡಿದ್ದನ್ನು ನೋಡಿದ ಮೇಲೆ ಒಪ್ಪಿಕೊಂಡೆ. 2024ರ ಜುಲೈನಲ್ಲಿ ಈ ಜೌಗಿಗೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಆ ತೀರ್ಮಾನವಾದ ಸಭೆ ನಡೆದದ್ದು ನಮ್ಮ ನವದೆಹಲಿಯಲ್ಲಿ.

ಮರುದಿನ ಪಶ್ಚಿಮಕ್ಕೆ, ಸ್ಟ್ರಾತ್‌ನೇವರ್ ಕಣಿವೆಗೆ ಹೋದೆವು. ಪೀಟ್ ಕಡಿದು ಒಲೆ ಉರಿಸಿ, ದನ ಸಾಕಿ ಬದುಕಿದ್ದ ಗೇಲಿಕ್ ಭಾಷಿಕರನ್ನು ಈ ನೆಲದ ಒಡೆಯರಾದ ಸದರ್ಲೆಂಡ್ ಎಸ್ಟೇಟಿನವರು 1814 ಮತ್ತು 1819ರಲ್ಲಿ ಇಲ್ಲಿಂದ ಎಬ್ಬಿಸಿದರು. ಕುರಿ ಸಾಕಣೆಯಲ್ಲಿ ಲಾಭ ಹೆಚ್ಚೆಂಬ ಲೆಕ್ಕ ಅವರದು. ಹಲವರು ಕಡಲತೀರದ ತುಂಡು ಭೂಮಿಗೆ ಹೋದರು, ಕೆಲವರು ಹಡಗು ಹತ್ತಿದರು. ಆ ಕಾಲದಲ್ಲಿ ಬರಿದಾದ ರೋಸಲ್ ಎಂಬ ಊರಿನ ಮನೆಗಳ ಅಡಿಪಾಯ ಇನ್ನೂ ಇದೆ. ಅದನ್ನು ನೋಡಬೇಕೆಂದರೆ ಆಮೇಲೆ ನೆಟ್ಟ ಮರಗಳ ನಡುವೆ ಹಾದುಹೋಗಬೇಕು.